ಚಿಕ್ಕಗಂಗಮ್ಮನ ಗಂಟಲ ಗಂಟು

ನಂಬುವುದಿಲ್ಲವೇ? ಬೇಡ ಬಿಡಿ. ಹೊಸಹಳ್ಳಿಯ ಚಿಕ್ಕಗಂಗಮ್ಮನೂ ಯಾರನ್ನೂ ನಂಬುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದ ಆಕೆ ದೇವಸ್ಥಾನದ ತೀರ್ಥವನ್ನೂ ಮೂಸಿ ನೋಡಿಯೇ ಕುಡಿಯುವವಳು. ಸುಳ್ಳು ಎನ್ನುತ್ತೀರಾ? ಸರಿ, ತೀರ್ಥದ ಮಾತು ಬಿಡಿ. ಗಂಟು ಮಾತ್ರ ನಿಜ.

ಎಂಬತ್ತೇಳನೇ ಇಸವಿಯ ಸುಮಾರಿಗೆ ಅವಳ ಗಂಟಲ ಬುಡದಲ್ಲಿ ಥೈರಾಯ್ಡಿನ ಗಂಟೊಂದು ಎದ್ದಿತು. ನೀರು ನುಂಗಿದರೆ ಲಿಫ್ಟಿನ ಹಾಗೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಅದನ್ನು ನೋಡಲು ಬೀದಿ ಮಕ್ಕಳೆಲ್ಲ ಚೊಂಬು ಹಿಡಿದು ಸಾಲು ನಿಲ್ಲುತ್ತಿದ್ದವು ಎಂದು ಅವಳ ಗಂಡ ಉಗ್ರಪ್ಪನೇ ಹೇಳುತ್ತಿದ್ದ. ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಭಯವೇನಿಲ್ಲ ಎಂದು ಕಳಿಸಿದರು.

ಕೆಲವು ತಿಂಗಳ ಮೇಲೆ ಅದೇ ಆಸ್ಪತ್ರೆಯವರು ಮನೆಗೇ ಆಳು ಕಳಿಸಿದರು. ಮತ್ತೊಮ್ಮೆ ಚುಚ್ಚಬೇಕಂತೆ, ದುಡ್ಡು ಬೇಡವಂತೆ.

"ಗಂಟೆಗಟ್ಲೆ ಕಾಯ್ಸೋ ಜನ ಮನೆ ಹುಡುಕ್ಕಂಡು ಬಂದವ್ರೆ ಅಂದ್ರೆ ಏನೋ ಐತೆ ಕಣ್ರೀ. ಒಂದೋ ನಂಗೆ ಕ್ಯಾನ್ಸರ್ರು, ಇಲ್ಲಾ ನನ್ ಕಿಡ್ನಿಗೆ ಗಿರಾಕಿ ಸಿಕ್ಕವ್ನೆ."

"ನಿನ್ ಕಿಡ್ನಿ ಹಾಕ್ಸ್ಕಂಡೋನು ಕಟ್ಕಂಡ ಹೆಂಡ್ತೀನೂ ನಂಬಕ್ಕಿಲ್ಲ. ನಡಿಯೇ," ಎಂದ ಉಗ್ರಪ್ಪ.

ಆಸ್ಪತ್ರೆಯ ಸೂಜಿ ಪರೀಕ್ಷೆಗಳನ್ನೆಲ್ಲ ತಪಾಸಣೆ ಮಾಡಲು ವೆಂಕಟಗಿರಿ ಎಂಬ ಹೊಸ ಡಾಕ್ಟರು ಬಂದಿದ್ದರು. ಗಂಡಸರ ಗಂಟಿನಿಂದ ತೆಗೆದು ಗಾಜಿನ ಪಟ್ಟಿಗೆ ಸವರಿದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜೀವಕೋಶ ಕಾಣುತ್ತಿತ್ತು. ಹೆಂಗಸರ ಗಾಜುಗಳಲ್ಲಿ ಬಹುಪಾಲು ಬರೀ ರಕ್ತ. ಬರೀ ರಕ್ತ ನೋಡಿ ಭಯವಿಲ್ಲ ಅಂದದ್ದು ಹೇಗೆ? ಅವರಿಗೆ ಸೂಜಿಯ ಮೇಲೆ ಅನುಮಾನ, ಬಣ್ಣದ ಮೇಲೆ ಅನುಮಾನ, ಗಾಜು ತೊಳೆಯುವ ಹನುಮಯ್ಯನ ಮೇಲೂ ಅನುಮಾನ. ಅದಕ್ಕೇ ಚುಚ್ಚುವ ಕೋಣೆಯಲ್ಲೇ ಬಂದು ನಿಂತರು. ಮೇಜಿನ ಮೇಲೆ ಮಲಗಿದ್ದ ಚಿಕ್ಕಗಂಗಮ್ಮ ಅವರನ್ನು ಓರೆಗಣ್ಣಲ್ಲಿ ನೋಡಿದಳು. ಈ ಮನುಷ್ಯ ಯಾಕೆ ಮಾತಾಡದೆ ನಿಂತಿದ್ದಾನೆ?

ಹೋದ ಸಲ ಚುಚ್ಚಿದ್ದ ಹಳೇ ಡಾಕ್ಟರು ಅವಳ ತಾಳಿ, ಕರಿಮಣಿ ಸರವನ್ನು ಮುಟ್ಟದೆ, ಪಕ್ಕದಲ್ಲಿ ಸಿಕ್ಕ ಜಾಗಕ್ಕೆ ಸೂಜಿ ಗುರಿಯಿಟ್ಟರು.

"ನಿಲ್ಸಿ ಸಾರ್," ಎಂದರು ವೆಂಕಟಗಿರಿ. "ಗಂಟು ಇರೋದು ಕರಿಮಣಿ ಅಡೀಲಲ್ವಾ?"

"ಮುತ್ತೈದೆಗೆ ತಾಳಿ ತೆಗಿ ಅನ್ನೋಕಾಗುತ್ತೇನ್ರೀ?"

"ಎಲ್ಲಾ ಹೆಂಗಸ್ರಿಗೂ ಹಿಂಗೇನಾ?"

ಹಳೇ ಡಾಕ್ಟರು ಸೂಜಿಯನ್ನು ತಟ್ಟೆಗೆ ಹಾಕಿ, ಹೌದೆಂದು ತಲೆಯಾಡಿಸಿದರು.

ಚಿಕ್ಕಗಂಗಮ್ಮ ದಡಕ್ಕನೆ ಎದ್ದು ಕೂತಳು. "ಅಂದ್ರೆ ಹೋದ್ಸಲ ಗಂಟಿಗೆ ಚುಚ್ಚೇ ಇಲ್ವಾ? ಒಂದ್ ಮಾತು ಕೇಳ್ಬಾರ್ದಾ ಸ್ವಾಮಿ? ತಾಳಿ ರಿಪೇರಿಗೆ ಆಚಾರಿ ಹತ್ರ ಕೊಡುವಾಗ ನಾವೇನ್ ಮಾಡ್ತೀವಿ? ರೀ, ಓಡಿ, ಅರಿಶಿನದ ಕೊಂಬು, ದಾರ ತಗಂಬನ್ನಿ!"

ಉಗ್ರಪ್ಪ ದಿನಸಿ ಅಂಗಡಿಗೆ ಓಡಿದ. ಕೊಂಬು ಕಟ್ಟಿದ ದಾರವನ್ನು ಎದೆಯವರೆಗೂ ಇಳಿಬಿಟ್ಟುಕೊಂಡ ಮೇಲೆಯೇ ಅವಳು ತಾಳಿ ತೆಗೆದದ್ದು. ನರ್ಸು ಕೈ ಚಾಚಿದಳು, ಕೊಡಲಿಲ್ಲ. ಗಂಡ ಕೈ ಚಾಚಿದ, ಅವನಿಗೂ ಇಲ್ಲ. ಮುಷ್ಟಿಯಲ್ಲೇ ಬಿಗಿಹಿಡಿದು ಮಲಗಿದಳು. ಈ ಸಲ ಸೂಜಿ ನೇರ ಗಂಟಿನ ನಡುವಿಗೆ ಹೋಯಿತು.

ಮುಂದಿನ ವಾರ ವೆಂಕಟಗಿರಿ ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. "ಕೆಟ್ಟ ಗಂಟೇ ಅಮ್ಮ. ಆದ್ರೆ ಬೇಗ ಸಿಕ್ಕಿದೆ. ತೆಗ್ಸಿದ್ರೆ ಬದುಕ್ತೀರಿ."

ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಇದು ನಂದೇ ಅನ್ನೋಕೆ ಏನ್ ಗ್ಯಾರಂಟಿ?"

ವೆಂಕಟಗಿರಿ ನಗಲಿಲ್ಲ. ಅವಳೆದುರಿಗೇ ಇನ್ನೊಮ್ಮೆ ಚುಚ್ಚಿ, ಅವಳೆದುರಿಗೇ ಬಣ್ಣ ಹಾಕಿ ತೋರಿಸಿದರು. ಆಗ ಒಪ್ಪಿದಳು, ಆಪರೇಷನ್ನಾಯಿತು, ಬದುಕಿದಳು. ಎಚ್ಚರವಾದದ್ದೇ, ತೆಗೆದ ಗಂಟು ತೋರಿಸಿ ಎಂದು ಹಟ ಹಿಡಿದಳು. ಸೀಸೆಯಲ್ಲಿ ತಂದು ತೋರಿಸಿದರೆ, ದೇವರಾಣೆ, ತೆಂಗಿನಕಾಯಿ ಗಾತ್ರ...

"ತಾತಾ, ಮುದ್ದೆ ಆರೋಗ್ತಿದೆ! ಊಟಕ್ಕೆ ಬನ್ನಿ!"

"ಬಂದೆ ಕಣೇ! ಸರಿ ಸ್ವಾಮಿ, ನಿಂಬೆಹಣ್ಣಿನ ಗಾತ್ರ ಅಂತಿಟ್ಕೊಳ್ಳಿ."