ಸೊನ್ನೆಯಿಂದ ಭಾಗಿಸಿದವರು

ನಮ್ಮ ಕಡೆ ಬಿಎ ಓದುತ್ತೇನೆಂದರೆ ಜನ ಕನಿಕರದಿಂದ ನೋಡುತ್ತಾರೆ. ಬಿಎಯಲ್ಲಿ ಗಣಿತ ಓದುತ್ತೇನೆಂದರೆ ಕನಿಕರ ಹೋಗಿ ಸಂಶಯ ಬರುತ್ತದೆ. ದೊಡ್ಮನೆಯ ನೆಂಟರೊಬ್ಬರು ಉಪನಯನದ ಊಟದ ಪಂಕ್ತಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಎಂತಕ್ಕೆ ಬಿಎ ತಂಗಿ, ಮಾರ್ಕ್ಸ್ ಸಾಕಾಗಿದ್ದಿಲ್ಯಾ?" ಎಂದು ಕೇಳಿದ್ದರು. ಮಾರ್ಕ್ಸ್ ಬೇಕಾದಷ್ಟಿತ್ತು. ನನಗೆ ಬೇಕಿದ್ದದ್ದು ಗಣಿತ ಮತ್ತು ಕನ್ನಡ. ಕೆಮಿಸ್ಟ್ರಿ ಲ್ಯಾಬಿನ ಕೊಳೆತ ಮೊಟ್ಟೆಯ ವಾಸನೆ ಬೇಕಿರಲಿಲ್ಲ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವರು ಪಾಯಸ ಬಡಿಸುವವನನ್ನು ಕರೆಯುತ್ತಿದ್ದರು. ಎರಡು ಭಿನ್ನರಾಶಿ ಕೂಡಿಸಲು ಬಾರದವರಿಗೇ ನನ್ನ ಗಣಿತದ ಚಿಂತೆ ಹೆಚ್ಚು.

ಅಪ್ಪ ವಾನಳ್ಳಿ ಸುತ್ತಿನ ಮನೆಗಳಿಗೆ ಪೌರೋಹಿತ್ಯಕ್ಕೆ ಹೋಗುವವನು. ಅವನು ಬೇಡ ಅನ್ನಲಿಲ್ಲ, ಕರಾರು ಹಾಕಿದ. ಗಣಿತದಲ್ಲಿ ಫಸ್ಟ್ ಕ್ಲಾಸ್ ಬಂದರೆ ಮುಂದೆ ಓದಲು ಧಾರವಾಡಕ್ಕೆ ಕಳಿಸುತ್ತಾನೆ; ಬರದಿದ್ದರೆ ಓದು ಅಲ್ಲಿಗೆ ಮುಗಿಯಿತು. ಇದೂ ಒಂದು ಕರಾರೇ ಎಂದು ನಾನು ನಕ್ಕು ಒಪ್ಪಿಕೊಂಡೆ.

ಶಿರಸಿಯ ಕಾಲೇಜಿನಲ್ಲಿ ಬಿಎಗೆ ಗಣಿತ ತೆಗೆದುಕೊಂಡವಳು ನಾನೊಬ್ಬಳೇ. ಹಾಗಾಗಿ ಬಿಎಸ್ಸಿಯವರ ಕ್ಲಾಸಿನಲ್ಲಿ, ಕೊನೆಯ ಬೆಂಚಿನಲ್ಲಿ ಕೂರಿಸಿದರು. ಪಾಠ ಹೇಳುವ ಮಾಸ್ತರರು ಯಲ್ಲಾಪುರ ಕಡೆಯವರು, ನಮ್ಮಂತೆಯೇ ವೈದಿಕರ ಮನೆತನ. ಮನೆಯಲ್ಲಿ ವೇದ ಹೇಳಿಕೊಡುವಾಗ ಗುರು ಒಂದು ಸಲ ಹೇಳುತ್ತಾನೆ, ಶಿಷ್ಯರು ಎರಡು ಸಲ ಹೇಳುತ್ತಾರೆ. ಅದಕ್ಕೆ ಸಂಥೆ ಎನ್ನುತ್ತೇವೆ. ಅರ್ಥ ಯಾರೂ ಕೇಳುವುದಿಲ್ಲ, ಸ್ವರ ತಪ್ಪಬಾರದು ಅಷ್ಟೆ. ಮಾಸ್ತರರು ಪ್ರಮೇಯಗಳಿಗೂ ಸಂಥೆ ಹೇಳಿಸುತ್ತಿದ್ದರು. ಅವರು ಒಂದು ಸಾಲು ಹೇಳುವುದು, ಇಡೀ ಕ್ಲಾಸು ಎರಡು ಸಲ ಹೇಳುವುದು. 'ಆದ್ದರಿಂದ' ಎನ್ನುವುದಕ್ಕೆ ಹಾಕುವ ಮೂರು ಚುಕ್ಕೆ ಮರೆತರೆ ಅಂಕ ಕಳೆಯುತ್ತಿದ್ದರು. ಯಾಕೆ ಆದ್ದರಿಂದ ಎಂದು ಕೇಳಿದರೆ, ಬಿಎಯವರಿಗೆ ಅಷ್ಟೆಲ್ಲ ಬೇಕಾಗುವುದಿಲ್ಲ ಎನ್ನುತ್ತಿದ್ದರು. ಮುಂದಿನ ಬೆಂಚುಗಳು ಹಿಂತಿರುಗಿ ನಗುತ್ತಿದ್ದವು. ಅವರಿಗೂ ಗೊತ್ತಿರಲಿಲ್ಲ, ಆದರೆ ಅವರು ಬಿಎಸ್ಸಿ.

ಕೊನೆಯ ವರ್ಷ ಪ್ರತಿಯೊಬ್ಬರೂ ಬೋರ್ಡಿನ ಮೇಲೆ ಒಂದು ಪ್ರಮೇಯ ಸಾಧಿಸಿ ತೋರಿಸಬೇಕಿತ್ತು. ನನ್ನ ಪಾಲಿಗೆ ಕ್ಯಾಲ್ಕುಲಸ್ಸಿನ ಚೈನ್ ರೂಲ್ ಬಂತು. ಸಂಥೆಯಲ್ಲಿ ಹೇಳಿಸಿದ ಸಾಧನೆಯನ್ನು ಕೂತು ಓದಿದಾಗ ಮಧ್ಯದಲ್ಲಿ ಒಂದು ಸಾಲು ಗಂಟಲಿಗೆ ಸಿಕ್ಕಿಕೊಂಡಿತು. ಅಲ್ಲಿ ಒಂದು ಸಣ್ಣ ಸಂಖ್ಯೆಯಿಂದ ಭಾಗಿಸುತ್ತಾರೆ. ಆ ಸಂಖ್ಯೆ ಸೊನ್ನೆಯೂ ಆಗಬಹುದು. ಸೊನ್ನೆಯಿಂದ ಭಾಗಿಸಬಾರದೆಂದು ಪ್ರಾಥಮಿಕ ಶಾಲೆಯಲ್ಲೇ ಕಲಿತ ಇಷ್ಟೂ ಜನ, ವರ್ಷ ವರ್ಷ ರಾಗವಾಗಿ ಸೊನ್ನೆಯಿಂದ ಭಾಗಿಸಿ ಪಾಸಾಗಿ ಹೋಗಿದ್ದರು.

ನಾನು ಬೋರ್ಡಿನ ಮೇಲೆ ತಪ್ಪನ್ನು ತೋರಿಸಿ, ಭಾಗಾಕಾರವೇ ಇಲ್ಲದ ಬೇರೆ ದಾರಿಯಲ್ಲಿ ಸಾಧಿಸಿದೆ. ಕ್ಲಾಸಿಗೆ ಸಿಟ್ಟು ಬಂತು. ತಪ್ಪು ಕಲಿತೆವೆಂದಲ್ಲ, ಇಷ್ಟುದ್ದದ್ದನ್ನು ಮತ್ತೆ ಯಾರು ಬಾಯಿಪಾಠ ಮಾಡುತ್ತಾರೆಂದು. ಮುಂದಿನ ಬೆಂಚಿನವನೊಬ್ಬ ಹಳೆಯದನ್ನೇ ಇಟ್ಟುಕೊಳ್ಳೋಣ ಸಾರ್ ಎಂದು ಬೇಡಿಕೊಂಡ. ಮಾಸ್ತರರು ಹೂಂ ಎಂದು ಹಾಜರಿ ಕರೆದರು.

ಆಮೇಲೆ ವರಾಂಡದಲ್ಲಿ ನನ್ನನ್ನು ನಿಲ್ಲಿಸಿದರು. ಕ್ಲಾಸಿನಲ್ಲಿ ಪುಸ್ತಕದ ಕನ್ನಡ ಬಿಟ್ಟು ಬೇರೆ ಆಡದವರು, ಮನೆಮಾತಿಗೆ ಇಳಿದರು. "ನೀ ಹೇಳಿದ್ದು ಸರಿ ತಂಗಿ. ನಂಗೆ ಧಾರವಾಡದಲ್ಲಿ ಓದಕಾರೇ ಗೊತ್ತಿತ್ತು. ಪರೀಕ್ಷೆಲಿ ಮಾತ್ರ ಹಾಂಗೆ ಬರೆಯಡ. ಪೇಪರ್ ತಿದ್ದವ್ರು ಗೈಡ್ ನೋಡ್ಕಂಡು ತಿದ್ದತ."

ಅಲ್ಲಿಯವರೆಗೆ ನಾನು ಅವರನ್ನು ದಡ್ಡರೆಂದುಕೊಂಡಿದ್ದೆ. ಅದು ನಾನು ಅವರಿಗೆ ಕೊಟ್ಟ ದೊಡ್ಡ ಗೌರವವಾಗಿತ್ತು. ದಡ್ಡನಿಗೆ ಗೊತ್ತಾಗದೆ ತಪ್ಪಾಗುತ್ತದೆ. ಇವರು ತಿಳಿದೂ ತಿಳಿದೂ ಕೈಯಲ್ಲಿ ಸೀಮೆಸುಣ್ಣ ಹಿಡಿದು ಅದೇ ತಪ್ಪಿಗೆ ಸಂಥೆ ಹೇಳಿಸಿದ್ದರು. ಮೈ ಉರಿಯಿತು. ನೇರ ಬಸ್ ಸ್ಟ್ಯಾಂಡಿಗೆ ನಡೆದೆ.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಗೈಡಿನಲ್ಲಿದ್ದ ಆ ಸಂಥೆಯ ಸಾಧನೆಯನ್ನೇ ಬರೆದರೆ ಪೂರ್ತಿ ಅಂಕ. ಧಾರವಾಡ ನನಗೆ ಎಷ್ಟು ಬೇಕಿತ್ತೆಂದು ನನಗೇ ಗೊತ್ತು. ಆದರೂ ಸೊನ್ನೆಯಿಂದ ಭಾಗಿಸಲು ಕೈ ಬರಲಿಲ್ಲ. ಸರಿಯಾದದ್ದನ್ನೇ ಬರೆದೆ.

ಫಸ್ಟ್ ಕ್ಲಾಸ್ ಸ್ವಲ್ಪದರಲ್ಲಿ ತಪ್ಪಿತು. ಉತ್ತರಪತ್ರಿಕೆಯ ಪ್ರತಿ ತರಿಸಿ ನೋಡಿದರೆ ಚೈನ್ ರೂಲಿನ ಪುಟಕ್ಕೆ ಉದ್ದ ಗೀಟು ಎಳೆದಿದ್ದರು. ದೊಡ್ಮನೆಯ ನೆಂಟರು ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಹೇಳಿಕೊಂಡು ತಿರುಗಿದರು. ಅವರಿಗೆ ಉತ್ತರ ಕೊಡುವಷ್ಟು ಕೀಳಾಗಿ ನಾನು ಓದಿರಲಿಲ್ಲ.

ಅಪ್ಪನಿಗೆ ಮಾತ್ರ ಜಗುಲಿಯ ಮೇಲೆ ಕೂರಿಸಿ ಎಲ್ಲ ಹೇಳಿದೆ. ಸೊನ್ನೆಯ ವಿಷಯ ಅವನಿಗೆ ಕೂಡಲೇ ಅರ್ಥವಾಯಿತು. ಮಾಸ್ತರರಿಗೆ ಮೊದಲೇ ತಿಳಿದಿತ್ತು ಎಂದಾಗ ಅವನ ಮುಖ ಗಂಟಾಯಿತು.

"ಪೂಜೆ ಮುಗಿದ ಮೇಲೆ ಮಂತ್ರ ತಪ್ಪಿದ್ದಕ್ಕೆ ಕ್ಷಮೆ ಕೇಳ್ತ್ಯ. ಅದು ಗೊತ್ತಿಲ್ದೆ ತಪ್ಪಿದ್ದಕ್ಕೆ," ಎಂದ. "ಗೊತ್ತಿದ್ದೂ ತಪ್ಪು ಹೇಳಿದವಂಗೆ ಎಂತ ಕ್ಷಮೆ? ನೀ ಮಾಡಿದ್ದು ಸರಿ."

ಹಾಗಾದರೆ ಧಾರವಾಡದ ಅರ್ಜಿ ತುಂಬಲೇ ಎಂದು ಕೇಳಿದೆ. ಅವನು ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಎದ್ದ.

"ಫಸ್ಟ್ ಕ್ಲಾಸ್ ಬಂದಿಲ್ಲೆ ಅಲ್ದಾ ಕೂಸೆ," ಎಂದು ಹೇಳಿ ಒಳಗೆ ಹೋದ.