ವೋಟಿಲ್ಲದವರ ಮೆಂಬರು

ಚುನಾವಣೆಯ ದಿನ ಅಭ್ಯರ್ಥಿ ಎಲ್ಲಿರಬೇಕು? ನಮ್ಮ ಅಭ್ಯರ್ಥಿ ಕಳೆದ ವಾರ ರೇಂಜರ್ ಆಫೀಸಿನ ಬೆಂಚಿನ ಮೇಲೆ ಕೂತಿದ್ದರು!

ಮೆಂಬರ್ ಕರೀಗೌಡರನ್ನು ಬಲ್ಲಿರಲ್ಲ? ಮಹಾರಾಜರ ಪ್ರಜಾಪ್ರತಿನಿಧಿ ಸಭೆಯಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಹುಣಸೂರಿನವರ ಪರವಾಗಿ ಕೂತವರು. ಪ್ರತಿ ದಸರೆಗೆ ಜರಿಪೇಟ ಸುತ್ತಿ ಮೈಸೂರಿಗೆ ಹೋಗುವುದು, ಕಾಡಂಚಿನವರ ದನ ಎಲ್ಲಿ ಮೇಯಬೇಕೆಂದು ಕೇಳುವುದು, ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಹಿಡಿದು ವಾಪಸ್ಸು ಬರುವುದು. ಮರುವರ್ಷ ಅದೇ ಪೇಟ, ಅದೇ ಪ್ರಶ್ನೆ.

‘ನಾಚಿಕೆ ಆಗಲ್ವಾ ಗೌಡ್ರೇ?’ ಎಂದರೆ, ‘ಉತ್ರ ಕೊಡೋರ್ಗೇ ಆಗ್ದಿರೋದು ನಂಗ್ಯಾಕಯ್ಯ?’ ಎನ್ನುತ್ತಿದ್ದರು.

ಈ ಸಲ ಎದುರಾಳಿ ಗಟ್ಟಿ. ನಾನು ಗೌಡರ ಏಜೆಂಟ್ (ಸಂಬಳವಿಲ್ಲ, ಕಾಫಿ ಮಾತ್ರ). ವೋಟಿರುವುದೇ ಇಂತಿಷ್ಟು ಅಂತ ಕಂದಾಯ ಕಟ್ಟುವ ಕೆಲವರಿಗೆ; ಕಟ್ಟೆಮಳಲವಾಡಿಯ ಹನ್ನೆರಡು ವೋಟು ಬಿದ್ದರೆ ಗೆದ್ದಂತೆ. ಆದರೆ ಅಲ್ಲಿನ ಯಜಮಾನರುಗಳು, ಮದುವೆಗೆ ಕರೆದಂತೆ ಅಭ್ಯರ್ಥಿಯೇ ಮನೆಬಾಗಿಲಿಗೆ ಬಂದು ಕರೆಯದೆ ಗಾಡಿ ಹತ್ತುವವರಲ್ಲ. ಬೆಳಿಗ್ಗೆಯೇ ಗಾಡಿ ಕಟ್ಟಿಸಿ ಹೊರಟೆವು.

ಹುಣಸೂರು ದಾಟುವ ಮೊದಲೇ ಕೆಂಚ ಅಡ್ಡ ಬಂದ. ಕಾಡಂಚಿನ ಬಡ ರೈತ. ಅವನ ಜೋಡೆತ್ತು ರಿಸರ್ವ್ ಕಾಡಿಗೆ ನುಗ್ಗಿದವೆಂದು ಗಾರ್ಡು ಹಿಡಿದು ದೊಡ್ಡಿಗೆ ಕೂಡಿದ್ದ. ಆವತ್ತೇ ಹರಾಜು.

‘ಎತ್ತು ಓದ್ರೆ ನಾನೇ ನೊಗಕ್ಕೆ ಕತ್ತು ಕೊಡ್ಬೇಕು, ಬುದ್ಧೀ’ ಎಂದು ಅತ್ತ.

ಮೆಂಬರು ಗಾಡಿಯಿಂದ ಇಳಿದರು. ನಾನು ಕೂಗಿದೆ, ‘ಇವತ್ತೊಂದಿನ ಬುಡಿ ಗೌಡ್ರೇ! ಇವ್ನು ಕಟ್ಟೋ ಕಂದಾಯಕ್ಕೆ ವೋಟೇ ಇಲ್ಲ ಕಣ್ರೀ!’

‘ವೋಟಿದ್ದಿದ್ರೆ ರೇಂಜರೇ ಇವ್ನ ಮನೆಗೆ ಬಂದು ಮಾತಾಡ್ತಿದ್ದ ಕಣಯ್ಯ. ಇಲ್ಲ ಅಂತ್ಲೇ ನಾನು ಓಯ್ತಿರೋದು’ ಎಂದು ನಡೆದೇಬಿಟ್ಟರು.

ರೇಂಜರು ಕ್ಯಾಂಪಿನಿಂದ ಬರುವ ತನಕ ಅವರು ಬೆಂಚು ಬಿಡಲಿಲ್ಲ. ನಾನು ಬೀದಿಯುದ್ದಕ್ಕೂ ಶತಪಥ ಹಾಕಿದೆ. ಅಂತೂ ಗೌಡರು ಜಾಮೀನು ನಿಂತು ಎತ್ತು ಬಿಡಿಸಿದರು. ಮತ್ತೆ ಗಾಡಿ ಹತ್ತಿ ಕಟ್ಟೆಮಳಲವಾಡಿ ದಾರಿ ಹಿಡಿದರೆ, ಹನ್ನೆರಡು ಯಜಮಾನರೂ ನಡುದಾರಿಯಲ್ಲೇ ಸಿಕ್ಕರು. ಎದುರಾಳಿಯ ಗಾಡಿಯಲ್ಲಿ, ವೋಟು ಹಾಕಿ ವಾಪಸ್ಸು! (ಬಾಯ್ತುಂಬ ಎಲೆಅಡಿಕೆ ಬೇರೆ.)

ಎಣಿಕೆಯಾಯಿತು. ಒಂಬತ್ತು ವೋಟಿನಿಂದ ಸೋತೆವು. ಗೌಡರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಮೇಲೆ ನಮ್ಮ ಮೇಲೇ ಬಂತು. ವೋಟಿರುವ ನಮಗೆ ಮೆಂಬರಿನಿಂದ ಆಗಬೇಕಾದ್ದಾದರೂ ಏನು? ಮಗಳ ಮದುವೆಗೆ ಬಂದು ಪಂಕ್ತಿಯಲ್ಲಿ ಪಕ್ಕ ಕೂತರೆ ಸಾಕು. ಅಷ್ಟಕ್ಕೇ ಇಂಥ ಮನುಷ್ಯನನ್ನು ಬಿಟ್ಟುಕೊಟ್ಟೆವಲ್ಲ ಎಂದು ಸಂಕಟವಾಯಿತು.

ಮರುದಿನ ಸಮಾಧಾನ ಹೇಳೋಣವೆಂದು ಅವರ ಮನೆಗೆ ಹೋದೆ. ಜಗಲಿಯ ತುಂಬ ಜನ! ಗೌಡರು ಕನ್ನಡಕ ಏರಿಸಿ ಯಾರದೋ ಅರ್ಜಿ ಓದುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಬಾಗಿಲ ಬಳಿ ಕೂತಿದ್ದ ಮುದುಕಿಯನ್ನು ಕೇಳಿದೆ, ‘ಅಲ್ಲಜ್ಜೀ, ಇವ್ರೀಗ ಮೆಂಬರಲ್ಲ. ಗೊತ್ತಿಲ್ವಾ?’

‘ಗೊತ್ತು ಕಣಪ್ಪ’ ಎಂದಳು ಅಜ್ಜಿ. ‘ಆದ್ರೆ ನಾವೇನು ತಗ್ದಾಕಿದ್ವಾ?’