ಕೂಸಿನ ತಲೆಗೆ ಬಿಸಿ ಔಡಲೆಣ್ಣೆ

ಬಿಸಿ ಔಡಲೆಣ್ಣೆಯ, ಅದೇ ಹರಳೆಣ್ಣೆಯ, ವಾಸನೆ ಬಂದರೆ ಇಂದಿಗೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಬಳಗಾನೂರಿನ ನಮ್ಮ ಮನೆ ಈಗಿಲ್ಲ. ಅದರ ಬಾಣಂತಿ ಕೋಣೆ, ಹೊರಸು, ಕುಳ್ಳಿನ ಹೊಗೆ ಎಲ್ಲ ಮಣ್ಣಾದವು. ಆ ವಾಸನೆ ಉಳಿದಿದೆ, ಜೊತೆಗೆ ನನ್ನ ಸಿಟ್ಟೂ. ನಿಮ್ಮ ಮನೆಯಲ್ಲೂ ಇಂಥದೊಂದು ಎಣ್ಣೆ ಬಟ್ಟಲು ಇದ್ದಿರಬೇಕು.

ಊರಿಗೆ ನಾಲೆ ನೀರು ಬಂದ ಹೊಸದು. ನನಗೆ ಎಂಟು ವರ್ಷ. ಕಾಕನ ಹೆಂಡತಿ, ನನ್ನ ಚಿಗವ್ವ, ಸಂತೆಕಲ್ಲೂರಿನ ಜೋಳದ ಸೀಮೆಯವಳು. ಭತ್ತದ ಸಸಿ ಹಿಡಿದವಳಲ್ಲ. ಬಸುರಿಯಾದ ಅವಳನ್ನು ನಾಟಿಗೆ ಇಳಿಸಿದ್ದು ನಮ್ಮ ಅಜ್ಜಿಯೇ. ತವರಿನಲ್ಲಿ ತಾಯಿ ಇರಲಿಲ್ಲವೆಂದು ಹೆರಿಗೆ ನಮ್ಮಲ್ಲೇ ಆಯಿತು. ಹೆಣ್ಣು ಕೂಸು, ತಲೆ ಹಿತ್ತಾಳೆ ತಂಬಿಗೆಯಂತೆ ನುಣ್ಣಗೆ. ಅದೇ ವಾರ ಪಕ್ಕದ ಮನೆಯಲ್ಲಿ ಹುಟ್ಟಿದ ಕೂಸಿಗೆ ಕಿವಿ ಮುಚ್ಚುವಷ್ಟು ಕೂದಲು!

“ನಾಲಿ ನೀರಾಗ ನಿಂತು ನಿಂತು, ಹೊಟ್ಯಾಗಿನ ಕೂಸಿನ ಕೂದ್ಲೆಲ್ಲಾ ತೊಳಕೊಂಡು ಹೋಗ್ಯಾವ. ಮಸ್ಕಿ ದೇವ್ರಿಗೆ ಏನ್ ಜಾವಳ ಕೊಡ್ತೀಬೇ, ತೊಗಲೇನು?” ಎಂದಳು ಅಜ್ಜಿ.

ಮೊದಲ ಕೂದಲು ದೇವರಿಗೆ ಸೇರದಿದ್ದರೆ ಕೂಸಿಗೆ ಕೇಡು ಎಂಬ ಭಯ ಅವಳದು. ದಿನಾ ಬೆಳಿಗ್ಗೆ ಕಾಯಿಸಿದ ಔಡಲೆಣ್ಣೆ ಹಚ್ಚಿ ಆ ನೆತ್ತಿಯನ್ನು ತಿಕ್ಕುತ್ತಿದ್ದಳು. ಕೂಸು ಚೀರಿ ನೀಲಿಗಟ್ಟುತ್ತಿತ್ತು. ಚಿಗವ್ವ ಬಾಗಿಲ ಹಿಂದೆ ಸೆರಗು ಕಚ್ಚಿ ನಿಲ್ಲುತ್ತಿದ್ದಳು. ಕಾಕ ಎದ್ದು ಎತ್ತಿನ ಕಡೆ ಹೋಗುತ್ತಿದ್ದ. ಒಂದು ದಿನ ನೆತ್ತಿಯ ಮೇಲೆ ಬೊಬ್ಬೆ ಎದ್ದವು.

ಅಂದೇ ಕೂಸನ್ನು ನೋಡಲು ಬಂದ ಸೂಲಗಿತ್ತಿ ಬಟ್ಟಲನ್ನು ಕಸಿದುಕೊಂಡಳು.

“ಯಕ್ಕಾ, ನಿನ್ನ ಮಗಾ ಏನ್ ಜಡಿ ಬಿಟ್ಕೊಂಡು ಹುಟ್ಟಿದ್ನೇನು? ಅವನೂ ಹಿಂಗs ಬೋಳs ಇದ್ದ, ಹೊಕ್ಕಳಾ ಕೊಯ್ದಾಕಿ ನಾನು. ಕೂಸು ಅಪ್ಪನ್ನ ಹೋಲತೈತಿ. ನೀರಿಗ್ಯಾಕ ಬೈತಿ?”

“ಗೊತ್ತೈತಿ ಬಿಡು,” ಎಂದಳು ಅಜ್ಜಿ.

ಗೊತ್ತಿತ್ತು! ಅವಳನ್ನು ಕ್ಷಮಿಸು ಎಂದು ದಿನಾ ದೇವರಿಗೆ ಕೈ ಮುಗಿಯುತ್ತೇನೆ. ನನಗೇ ಇನ್ನೂ ಕ್ಷಮಿಸಲಾಗಿಲ್ಲ.

ಬೊಬ್ಬೆ ಮಾಯ್ದವು, ಅದು ದೇವರ ದಯೆ. ಮೂರನೇ ವರ್ಷಕ್ಕೆ ದಟ್ಟವಾಗಿ ಕೂದಲು ಬಂತು. ಮಸ್ಕಿಯಲ್ಲಿ ಜಾವಳ ತೆಗೆಸಿದಾಗ ಕೂದಲು ಹಿಡಿಯಲು ಅಜ್ಜಿ ಸೆರಗೊಡ್ಡಿದಳು. ಎಂದೂ ತುಟಿ ಬಿಚ್ಚದ ಚಿಗವ್ವ ತನ್ನ ಸೆರಗು ಮುಂದೆ ಮಾಡಿದಳು. “ನನ್ನ ಕೂಸಿಂದು, ಅತ್ತಿ. ನಾನs ಒಪ್ಪಸ್ತೀನಿ.”

ಅತ್ತೆ ಸೊಸೆ ಇಬ್ಬರೂ ಈಗಿಲ್ಲ. ಹೋದ ವಾರ ನನ್ನ ಮೊಮ್ಮಗಳು ಬೋಳುತಲೆಯಲ್ಲೇ ಹುಟ್ಟಿದಳು. ನೆರೆಮನೆಯಾಕೆ ಪ್ರೀತಿಯಿಂದಲೇ ಔಡಲೆಣ್ಣೆ ಕಾಯಿಸಿ ತಂದಳು. ಬಟ್ಟಲು ಇಸಿದುಕೊಂಡು, ಅಷ್ಟನ್ನೂ ದೇವರ ಮುಂದಿನ ದೀಪಕ್ಕೆ ಸುರಿದೆ. ಉರಿಯುವುದಿದ್ದರೆ ಅಲ್ಲಿ ಉರಿಯಲಿ.